ಗಾಂಧಿನಗರ ಹತ್ತಿರ, ಗಂಗಾವತಿ ದೂರ

1935ರಲ್ಲಿ ನಿಜಾಮ ಸರ್ಕಾರದ ಪ್ರಾಚ್ಯವಸ್ತು ಇಲಾಖೆ ಕೊಪ್ಪಳದ ಬಗ್ಗೆ ಒಂದು ಪುಸ್ತಕ ಅಚ್ಚು ಹಾಕಿಸಿತು. ‘ದಿ ಕನ್ನಡ ಇನ್‌ಸ್ಕ್ರಿಪ್ಷನ್ಸ್ ಆಫ್ ಕೊಪ್ಬಾಳ್’ ಅಂತ ಅದರ ಹೆಸರು. ಬರೆದವರು ಸಿ.ಆರ್. ಕೃಷ್ಣಮಾಚಾರ್ಲು. ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್‌ನಲ್ಲಿ ಅದು 12ನೆಯದು. ಅದೇ ಮಾಲೆಯ 10ನೆಯ ಪುಸ್ತಕ 1932ರದು. ಅದರ ಹಿಂದಿನ ವರ್ಷವಷ್ಟೇ ಬೆಳಕಿಗೆ ಬಂದಿದ್ದ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳನ್ನು ಆರ್.ಎಲ್. ಟರ್ನರ್ ಅದರಲ್ಲಿ ಸಂಪಾದಿಸಿಕೊಟ್ಟರು. ಕಲ್ಲು ನಮ್ಮೂರಿನಲ್ಲಿ ಉಳಿಯಿತು, ಕಲ್ಲಿನ ಮೇಲಿನ ಮಾತು ಹೇಳುವ ಪುಸ್ತಕ ಹೈದರಾಬಾದಿನಲ್ಲಿ, ಮೈಸೂರಿನಲ್ಲಿ, ಧಾರವಾಡದಲ್ಲಿ ಕಪಾಟು ಸೇರಿತು. ಕೊಪ್ಪಳದ ಹುಡುಗನೊಬ್ಬ ತನ್ನ ಊರಿನ ಬೆಟ್ಟದ ಮೇಲೆ ಏನು ಬರೆದಿದೆ ಎಂದು ತಿಳಿಯಬೇಕಾದರೆ ಬಸ್ಸೋ ರೈಲೋ ಹತ್ತಿ ಪರವೂರಿಗೆ ಹೋಗಬೇಕಿತ್ತು.

ಈಗ ಹಾಗಿಲ್ಲ. ಆ ಮಾಲೆಯ ಪುಸ್ತಕಗಳು ಸ್ಕ್ಯಾನ್ ಆಗಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಗವಿಮಠದ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಟರ್ನರ್ ಕೊಟ್ಟ ಪಾಠವನ್ನು ಕಣ್ಣೆದುರಿನ ಬಂಡೆಗೆ ಹೋಲಿಸಿ ನೋಡಬಹುದು. ಇದು ಸಣ್ಣ ಬದಲಾವಣೆಯಲ್ಲ. ನಮ್ಮ ಭಾಗದ ಮಕ್ಕಳ ಓದಿನ ಚರಿತ್ರೆ ಬಲ್ಲವರಿಗೆ ಇದರ ತೂಕ ಗೊತ್ತು.

ಆದರೆ ಇದೇ ಹುಡುಗ, ಕನ್ನಡ ವಿಶ್ವವಿದ್ಯಾಲಯ ಹೊರತಂದ ಕೊಪ್ಪಳ ಜಿಲ್ಲೆಯ ಶಾಸನ ಸಂಪುಟ ಬೇಕೆಂದು ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಕಾಲೇಜಿನ ಲೈಬ್ರರಿಗೆ ಹೋದರೆ ನಡೆಯುವ ಮಾತು ಬೇರೆ.

‘ಸರ, ಶಾಸನ ಸಂಪುಟ ಐತೇನ್ರೀ?’

‘ನಮ್ಮಲ್ಲಿಲ್ಲಪಾ. ಗಂಗಾವತಿ ಕಾಲೇಜಿನ್ಯಾಗ ಇದ್ರ ಇರಬೇಕು. ಒಮ್ಮೆ ಹೋಗಿ ಕೇಳಿ ಬಾ.’

‘ಇದ್ರ ಇರಬೇಕು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಜಿಲ್ಲೆಯ ಕಾಲೇಜುಗಳಲ್ಲಿರುವ ಮುದ್ರಿತ ಪುಸ್ತಕಗಳನ್ನೆಲ್ಲ ಒಂದೇ ಕಡೆ ಹುಡುಕಿ ನೋಡಬಲ್ಲ ಪಟ್ಟಿ ಆ ಲೈಬ್ರರಿಯನ್ ಸಾಹೇಬರ ಕೈಯಲ್ಲೂ ಇಲ್ಲ, ಹುಡುಗನ ಕೈಯಲ್ಲೂ ಇಲ್ಲ. ಗುಜರಾತಿನ ಗಾಂಧಿನಗರದ ಸರ್ವರ್‌ನಲ್ಲಿರುವ ಪಿಎಚ್.ಡಿ. ಪ್ರಬಂಧ ಅರೆ ನಿಮಿಷದಲ್ಲಿ ತೆರೆಯುತ್ತದೆ. ಗಂಗಾವತಿಯ ಕಪಾಟಿನಲ್ಲಿರುವ ಪುಸ್ತಕ ಇದೆಯೋ ಇಲ್ಲವೋ ತಿಳಿಯಲು ಒಂದು ದಿನ ಬೇಕು. ಇಷ್ಟು ವರ್ಷ ಸರ್ಕಾರಗಳು ಸುರಿದ ಹಣ, ಹಾಕಿದ ಕೇಬಲ್ಲು, ಕೊಟ್ಟ ಪಾಸ್‌ವರ್ಡುಗಳ ನಡುವೆ ಉಳಿದುಹೋದ ಅಂತರ ಇದು.

ಆರು ಮಂದಿ ಭಂಡಾರಿಗರು

ಪುಸ್ತಕ ಕಾಯುವ, ಹಂಚುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಕವಿರಾಜಮಾರ್ಗಕಾರ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳ, ಒಂದು. ಕೊಪ್ಪಳದಿಂದ ಗದಗಿನ ದಾರಿಯಲ್ಲಿ ಸಿಗುವ ಲಕ್ಕುಂಡಿಯ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬುದು ಶಾಲಾ ಮಕ್ಕಳಿಗೂ ಗೊತ್ತಿರುವ ಸಂಗತಿ. ಹತ್ತನೆಯ ಶತಮಾನದ ಕೊನೆಯ ಮಾತು ಅದು. ಒಂದೊಂದು ಪ್ರತಿಯನ್ನೂ ಲಿಪಿಕಾರ ಕೂತು ಕೈಯಿಂದ ಬರೆಯಬೇಕಿದ್ದ ಕಾಲ.

ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ದಾಖಲೆ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಹೇಳುವವರು ಮೂವರು, ಶಾಸ್ತ್ರ ಹೇಳುವವರು ಮೂವರು, ಸರಸ್ವತೀ ಭಂಡಾರ ನೋಡಿಕೊಳ್ಳುವವರು ಆರು ಮಂದಿ. ಪಾಠ ಹೇಳುವವರಷ್ಟೇ ಸಂಖ್ಯೆಯಲ್ಲಿ ಪುಸ್ತಕ ಕಾಯುವವರು, ಎಲ್ಲರ ಹೊಟ್ಟೆಬಟ್ಟೆಗೂ ಒಂದೇ ದತ್ತಿಯಲ್ಲಿ ಏರ್ಪಾಡು. ಸಾವಿರ ವರ್ಷದ ಹಿಂದೆ ಒಂದು ವಿದ್ಯಾಸಂಸ್ಥೆ ಕಟ್ಟಿದವರಿಗೆ, ಗುರುವಿದ್ದರೆ ಸಾಲದು, ಬೇಕಾದ ಓಲೆಯನ್ನು ಹುಡುಕಿಕೊಡುವವನೂ ಬೇಕು ಎಂಬುದು ಸ್ಪಷ್ಟವಾಗಿತ್ತು. ಈ ನಾಗಾವಿ ಶಾಸನಗಳು 1928ರಲ್ಲಿ ಅಚ್ಚಾದದ್ದು ಅದೇ ಹೈದರಾಬಾದ್ ಮಾಲೆಯ 8ನೆಯ ಪುಸ್ತಕವಾಗಿ.

ಇವತ್ತು ನಮ್ಮ ಎಷ್ಟೋ ಪದವಿ ಕಾಲೇಜುಗಳಲ್ಲಿ ಇಡೀ ಗ್ರಂಥಾಲಯಕ್ಕೆ ಒಬ್ಬರೇ. ಕೆಲವೆಡೆ ಆ ಒಬ್ಬರೂ ಕಾಯಂ ಅಲ್ಲ. ಬೇರೆ ವಿಷಯದ ಉಪನ್ಯಾಸಕರಿಗೆ ‘ಲೈಬ್ರರಿ ಚಾರ್ಜ್’ ವಹಿಸಿರುತ್ತಾರೆ, ಬೀಗದ ಕೈ ಅಟೆಂಡರ್ ಹತ್ತಿರ ಇರುತ್ತದೆ.

ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ದೊಡ್ಡ ಗ್ರಂಥಾಲಯ ಯಾವತ್ತೂ ದೂರವೇ. ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಾಗೀರು. ಇಲ್ಲಿನ ರೈತರು ತೆತ್ತ ಕಂದಾಯ ಯಾರ ಖಜಾನೆಗೆ ಹೋಯಿತೋ ಅವರ ಮನೆಯ ಗ್ರಂಥಸಂಗ್ರಹ ಇಂದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಹೆಮ್ಮೆ. ಓದಬೇಕೆಂದವರು ಅಲ್ಲಿಗೇ ಹೋಗಬೇಕಿತ್ತು. 1911ರಲ್ಲಿ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರ ತಲೆಮಾರಿಗೆ ಉಸ್ಮಾನಿಯಾ, ಅದೂ ಉರ್ದು ಮಾಧ್ಯಮದಲ್ಲಿ. 1956ರ ಏಕೀಕರಣದ ನಂತರ ವಿಶ್ವವಿದ್ಯಾಲಯವೆಂದರೆ ಧಾರವಾಡ. 1980ರಲ್ಲಿ ಅದು ಗುಲಬರ್ಗಾ ಆಯಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆ ಬಂತೇ ಹೊರತು ವಿಶ್ವವಿದ್ಯಾಲಯ ಬರಲಿಲ್ಲ. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದಾಗ ನಮ್ಮ ಕಾಲೇಜುಗಳ ಬೋರ್ಡು ಮತ್ತೆ ಬದಲಾಯಿತು. ಕಡೆಗೆ 2022ರ ತಿದ್ದುಪಡಿ ಕಾಯ್ದೆಯಡಿ ಏಳು ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಕೊಪ್ಪಳಕ್ಕೂ ಒಂದು ದಕ್ಕಿತು. ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ, ಎಂಜಿನಿಯರಿಂಗ್ ಕಾಲೇಜಿಗೆಂದು ಕಟ್ಟಿದ ಆವರಣದಲ್ಲಿ ಅದರ ವಾಸ. ಎರಡು ವರ್ಷ ತುಂಬುವುದರೊಳಗೆ, 2025ರ ಆರಂಭದಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವಕ್ಕೆ ಸೇರಿಸಿಬಿಡುವ ವಿಚಾರ ಸಚಿವ ಸಂಪುಟದ ಉಪಸಮಿತಿಯ ಮೇಜಿಗೆ ಬಂತು. ಆ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಇತ್ತು. ಆಡಳಿತದ ಖರ್ಚು ಉಳಿಸುವ ಲೆಕ್ಕ ಏನೇ ಇರಲಿ, ಒಂದು ವಿಶ್ವವಿದ್ಯಾಲಯ ಹೋದರೆ ಅದರ ಜತೆ ಕಟ್ಟಲು ತೊಡಗಿದ ಗ್ರಂಥಾಲಯವೂ ಹೋಗುತ್ತದೆ. ಒಂದು ಗ್ರಂಥಸಂಗ್ರಹ ಮೈದುಂಬಲು ಇಪ್ಪತ್ತು, ಮೂವತ್ತು ವರ್ಷ ಹಿಡಿಯುತ್ತದೆ. ಚರ್ಚೆಯಲ್ಲಿ ಈ ಮಾತು ಯಾರೂ ದೊಡ್ಡದಾಗಿ ಎತ್ತಲಿಲ್ಲ ಎಂಬುದು ನನ್ನ ಕೊರಗು.

ದಿಲ್ಲಿಗೊಂದು ತಂತಿ, ಬೆಂಗಳೂರಿಗೊಂದು ತಂತಿ

ಕಾಲೇಜು ಗ್ರಂಥಾಲಯಗಳು ಪುಸ್ತಕ, ಪತ್ರಿಕೆ ಹಂಚಿಕೊಳ್ಳುವ ವ್ಯವಸ್ಥೆ ಭಾರತದಲ್ಲಿ ಈಗ ಬಹಳ ದೊಡ್ಡದಾಗಿ ಬೆಳೆದಿದೆ. ಅದನ್ನು ಮೆಚ್ಚಲೇಬೇಕು. 1991ರಲ್ಲಿ ಯುಜಿಸಿ ಶುರು ಮಾಡಿದ ಇನ್‌ಫ್ಲಿಬ್‌ನೆಟ್, 1996ರಿಂದ ಸ್ವತಂತ್ರ ಕೇಂದ್ರವಾಗಿ, ಗಾಂಧಿನಗರದಿಂದ ದೇಶದ ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಬೆಸೆಯುತ್ತಿದೆ. ಅದರ ‘ಎನ್-ಲಿಸ್ಟ್’ ಯೋಜನೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಪದವಿ ಕಾಲೇಜೊಂದು ವರ್ಷಕ್ಕೆ 5 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಕಟ್ಟಿದರೆ ಆರು ಸಾವಿರಕ್ಕೂ ಮಿಕ್ಕಿದ ಇ-ಜರ್ನಲ್‌ಗಳು, ಲಕ್ಷಕ್ಕೂ ಹೆಚ್ಚು ಇ-ಪುಸ್ತಕಗಳು ತೆರೆದುಕೊಳ್ಳುತ್ತವೆ. ಒಂದು ಒಳ್ಳೆಯ ವಿದೇಶಿ ಜರ್ನಲ್‌ನ ವರ್ಷದ ಚಂದಾವೇ ಇದರ ಹಲವು ಪಟ್ಟು. ‘ಶೋಧಗಂಗಾ’ದಲ್ಲಿ ಐದು ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಪ್ರಬಂಧಗಳಿವೆ, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ ಹಾಗೆಯೇ.

2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯದು ಇನ್ನೂ ದೊಡ್ಡ ಹೆಜ್ಜೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300 ಸರ್ಕಾರಿ ಸಂಸ್ಥೆಗಳು, 1.8 ಕೋಟಿ ಓದುಗರು. ಗಂಗಾವತಿಯ ಕೊಲ್ಲಿ ನಾಗೇಶ್ವರರಾವ್ ಗಂಗಯ್ಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಕಡೆ ಓದುವ ಮಕ್ಕಳನ್ನು ಐಐಟಿಯವರ ಸರಿಸಮಕ್ಕೆ ಕೂರಿಸುವ ಆಸೆ ಇದರ ಹಿಂದಿದೆ. ಆದರೆ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಕಲ್ಯಾಣ ಕರ್ನಾಟಕದಲ್ಲಿ ಉನ್ನತ ಶಿಕ್ಷಣದ ಭಾರ ಹೊತ್ತದ್ದರಲ್ಲಿ ಮಠಗಳ ಪಾಲು ಎಷ್ಟೆಂದು ಎಲ್ಲರಿಗೂ ಗೊತ್ತು. ಕೊಪ್ಪಳದ ಗವಿಸಿದ್ಧೇಶ್ವರ ಕಾಲೇಜನ್ನೇ ನೋಡಿ. ಬಡವರ ಮಕ್ಕಳೇ ತುಂಬಿರುವ ಇಂಥ ಅನುದಾನಿತ ಕಾಲೇಜುಗಳು ಸರದಿಯಲ್ಲಿ ಹಿಂದೆ ನಿಂತಿವೆ. ಎರಡನೆಯ ಹಂತಕ್ಕೆ ಕಾಯುವುದು ಬೇಡ, ಅನುದಾನಿತ ಕಾಲೇಜುಗಳನ್ನು ಈಗಲೇ ಸೇರಿಸಿ ಎಂದು ರಾಜ್ಯ ಸರ್ಕಾರ ಒತ್ತಾಯಿಸಬೇಕು.

ಇನ್ನು ವೃತ್ತಿ ಶಿಕ್ಷಣದ ಸಾಲು ನೋಡಿ. ಕೊಪ್ಪಳದ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು; ಆ ವಿಶ್ವವಿದ್ಯಾಲಯ 2003ರಲ್ಲಿಯೇ ‘ಹೆಲಿನೆಟ್’ ಕಟ್ಟಿ, ಕಾಲೇಜುಗಳೆಲ್ಲ ಕೂಡಿ ವೈದ್ಯಕೀಯ ಜರ್ನಲ್ ಕೊಳ್ಳುವ ದಾರಿ ತೋರಿಸಿತು. ಎಂಜಿನಿಯರಿಂಗ್ ಕಾಲೇಜುಗಳಿಗೆ ಬೆಳಗಾವಿಯ ವಿಟಿಯು ಕೂಟವಿದೆ. ಗಂಗಾವತಿಯ ಭತ್ತದ ಸಂಶೋಧನೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೆಳಗೆ, ಮುನಿರಾಬಾದಿನ ತೋಟಗಾರಿಕೆ ಕಾಲೇಜು ಬಾಗಲಕೋಟೆಯ ಕೆಳಗೆ. ಕೃಷಿ ವಿಷಯದ ಜರ್ನಲ್‌ಗಳಿಗೆ 2007ರಲ್ಲಿ ಶುರುವಾದ ಐಸಿಎಆರ್‌ನ ‘ಸೆರಾ’ ಇದೆ.

ಎಲ್ಲರಿಗೂ ಒಂದೊಂದು ತಂತಿ ಇದೆ, ಎಲ್ಲವೂ ಮೇಲಕ್ಕೇ. ಅಡ್ಡಡ್ಡ ಬೆಸೆಯುವ ತಂತಿ ಇಲ್ಲ. ತುಂಗಭದ್ರೆಯ ಅಚ್ಚುಕಟ್ಟಿನ ಸವಳು ಭೂಮಿಯ ಬಗ್ಗೆ ಅರ್ಥಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಯಲಬುರ್ಗಾದಲ್ಲಿ ಬರೆಯಲು ಕೂತಳು ಎನ್ನಿ. ಅವಳಿಗೆ ಬೇಕಾದ ವರದಿ ಗಂಗಾವತಿಯ ಕೃಷಿಯವರ ಕಪಾಟಿನಲ್ಲಿರಬಹುದು. ಎರಡು ಊರು ಒಂದೇ ಜಿಲ್ಲೆ. ಆದರೆ ಇಲಾಖೆ ಬೇರೆ, ವಿಶ್ವವಿದ್ಯಾಲಯ ಬೇರೆ, ಕಂಪ್ಯೂಟರಿನ ಸಾಫ್ಟ್‌ವೇರ್ ಬೇರೆ. ಅಲ್ಲಿರುವುದು ಇಲ್ಲಿಗೆ ಕಾಣುವುದಿಲ್ಲ.

894.814ರ ಕಪಾಟಿನ ಮುಂದೆ

ಇಲ್ಲೊಂದು ಮುಖ್ಯವಾದ ಮಾತು. ಮೇಲಿನ ಆ ಹದಿಮೂರು ಸಾವಿರ ಜರ್ನಲ್‌ಗಳ ಪಟ್ಟಿ ವಿಜ್ಞಾನದವರಿಗೆ ಹಬ್ಬ. ಕನ್ನಡದಲ್ಲಿ, ಕನ್ನಡದ ಬಗ್ಗೆ ಕೆಲಸ ಮಾಡುವವರಿಗೆ ಅದರಿಂದ ಸಿಗುವುದು ಅತ್ಯಲ್ಪ. ಅವರಿಗೆ ಬೇಕಾದದ್ದು 1919ರಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಚಿಕೆಗಳು, ಸಾಹಿತ್ಯ ಪರಿಷತ್ತಿನ ಪತ್ರಿಕೆ, ಧಾರವಾಡದ ‘ಕರ್ನಾಟಕ ಭಾರತಿ’, ಬೆಂಗಳೂರಿನ ‘ಸಾಧನೆ’, ಪ್ರಸಾರಾಂಗಗಳು ಹೊರತಂದು ಮರುಮುದ್ರಣ ಕಾಣದ ಪುಸ್ತಕಗಳು. ನಮ್ಮ ಜಿಲ್ಲೆಯಲ್ಲಿ ಎಂ.ಎ., ಪಿಎಚ್.ಡಿ. ಮಾಡುವವರಲ್ಲಿ ಕನ್ನಡ, ಇತಿಹಾಸ, ಸಮಾಜಶಾಸ್ತ್ರದವರೇ ದೊಡ್ಡ ಸಂಖ್ಯೆಯಲ್ಲಿರುತ್ತಾರೆ. ಅವರ ಸಾಮಗ್ರಿ ಇರುವುದು ಕಾಗದದ ಮೇಲೆ, ಬೇರೆ ಬೇರೆ ಊರಿನ ಕಪಾಟುಗಳಲ್ಲಿ.

ಯಾವುದೇ ಕಾಲೇಜಿನ ಲೈಬ್ರರಿಯಲ್ಲಿ ಕನ್ನಡ ಸಾಹಿತ್ಯದ ಕಪಾಟಿನ ಮುಂದೆ ನಿಲ್ಲಿ. ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ 894.814 ಎಂದು ಬರೆದಿರುತ್ತದೆ. ಮೆಲ್ವಿಲ್ ಡ್ಯೂಯಿಯ ವರ್ಗೀಕರಣದಲ್ಲಿ ಇಡೀ ಕನ್ನಡ ಸಾಹಿತ್ಯಕ್ಕೆ ಸಿಕ್ಕ ಜಾಗ ಅದು. ಕೊನೆಗೆ 1 ಬಂದರೆ ಕಾವ್ಯ, 2 ಬಂದರೆ ನಾಟಕ, 3 ಬಂದರೆ ಕಥೆ, ಕಾದಂಬರಿ. ಪಂಪನಿಂದ ನಿನ್ನೆಯ ಕವಿಯವರೆಗೆ ಎಲ್ಲರೂ ಒಂದೇ ಅಂಕಿಯ ಕೆಳಗೆ ಒತ್ತೊತ್ತಾಗಿ ನಿಂತಿದ್ದಾರೆ. ಹಾಗಾಗಿ ಬೇಕಾದ ಪುಸ್ತಕ ಸಿಗುವುದು ಸಂಖ್ಯೆಯಿಂದಲ್ಲ, ಕರ್ತೃವಿನ ಹೆಸರಿನಿಂದ.

ಆ ಹೆಸರಿನ ಗತಿ ನೋಡಿ. ಕಂಪ್ಯೂಟರಿಗೆ ಪುಸ್ತಕ ಏರಿಸುವಾಗ ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದಾರೆ. ಸಿದ್ದಯ್ಯ ಪುರಾಣಿಕರ ಹೆಸರು ಒಂದು ಕಾಲೇಜಿನಲ್ಲಿ ‘ಡಬಲ್ ಡಿ’ಯಿಂದ, ಇನ್ನೊಂದರಲ್ಲಿ ಅದರ ಮುಂದೆ ‘ಎಚ್’ ಸೇರಿಸಿ, ಮತ್ತೊಂದರಲ್ಲಿ ‘ಪುರಾಣಿಕ’ ಮುಂದಾಗಿ, ನಾಲ್ಕನೆಯದರಲ್ಲಿ ಕಾವ್ಯನಾಮ ‘ಕಾವ್ಯಾನಂದ’ದಡಿ ಇದ್ದರೆ ಯಂತ್ರದ ಲೆಕ್ಕಕ್ಕೆ ಅವರು ನಾಲ್ವರು. ಒಂದನ್ನು ಹುಡುಕಿದರೆ ಮೂರು ತಪ್ಪುತ್ತವೆ. ಇನ್‌ಫ್ಲಿಬ್‌ನೆಟ್‌ನ ‘ಸೋಲ್’ ಇರಲಿ, ಎನ್‌ಐಸಿಯ ‘ಇ-ಗ್ರಂಥಾಲಯ’ ಇರಲಿ, ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಗ್ರಂಥಾಲಯಕ್ಕೆಂದು ಶುರುವಾಗಿ ಜಗತ್ತೆಲ್ಲ ಪುಕ್ಕಟೆ ಬಳಸುವ ‘ಕೋಹಾ’ ಇರಲಿ, ಇವತ್ತು ಎಲ್ಲದರಲ್ಲೂ ಕನ್ನಡದಲ್ಲೇ ನಮೂದಿಸಬಹುದು. ಸಾಧನ ಬಂದಿದೆ. ಹೆಸರು ಹೀಗೇ ಬರೆಯಬೇಕು ಎಂಬ ಒಪ್ಪಂದ ಬಂದಿಲ್ಲ.

ಪ್ರಬಂಧಗಳದ್ದೂ ಇದೇ ಕಥೆ. ಶೋಧಗಂಗಾದಲ್ಲಿರುವ ಎಷ್ಟೋ ಕನ್ನಡ ಪ್ರಬಂಧಗಳನ್ನು ಟೈಪ್ ಮಾಡಿದ್ದು ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ. ತೆರೆದರೆ ಕಣ್ಣಿಗೆ ಕನ್ನಡವೇ. ಆದರೆ ‘ಕೊಪ್ಪಳ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಒಂದು ಸಾಲು ಕಾಪಿ ಮಾಡಿ ಬೇರೆಡೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಉದುರುತ್ತವೆ. ವಿದ್ಯಾರ್ಥಿ ಐದಾರು ವರ್ಷ ಬೆವರು ಸುರಿಸಿ ಬರೆದದ್ದು ಲೋಕಕ್ಕೆ ಮುಕ್ತವಾಗಿದೆ, ಹುಡುಕುವವನಿಗೆ ಮಾತ್ರ ಮುಚ್ಚಿದೆ. ಪ್ರಬಂಧ ಒಪ್ಪಿಸುವ ದಿನ ‘ಯೂನಿಕೋಡ್ ಫೈಲ್ ಕೊಡಿ’ ಎಂದು ಹೇಳಬಲ್ಲವರು ಗ್ರಂಥಾಲಯದವರು; ಸಾಫ್ಟ್‌ಕಾಪಿ ಅವರ ಮೇಜಿನ ಮೇಲಿಂದಲೇ ಗಾಂಧಿನಗರಕ್ಕೆ ಹೋಗುವುದು. ತಳಕಲ್‌ನ ಹೊಸ ವಿಶ್ವವಿದ್ಯಾಲಯ ಮೊದಲ ಪ್ರಬಂಧದಿಂದಲೇ ಇದನ್ನು ಕಡ್ಡಾಯ ಮಾಡಿದರೆ, ಹಳೆಯ ವಿಶ್ವವಿದ್ಯಾಲಯಗಳು ತಿದ್ದಲಾರದೆ ಒದ್ದಾಡುತ್ತಿರುವ ತಪ್ಪು ಇಲ್ಲಿ ಆಗುವುದೇ ಇಲ್ಲ. ಹೊಸ ಸಂಸ್ಥೆಗೆ ಇರುವ ಅಪರೂಪದ ಅನುಕೂಲ ಇದು.

ಕನ್ನಡದಲ್ಲಿ ಈ ದಾರಿಯ ಕೆಲಸ ಆಗಿಲ್ಲವೆಂದಲ್ಲ. ಉಸ್ಮಾನಿಯಾದಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳ ಹೆಸರುಗಳು ತಪ್ಪುತಪ್ಪು ಇಂಗ್ಲಿಷಿನಲ್ಲಿ ಬಿದ್ದಿದ್ದಾಗ, ‘ಸಂಚಯ’ದ ಸ್ವಯಂಸೇವಕರು ಅವನ್ನು ಕನ್ನಡಕ್ಕೆ ತಂದು ಹುಡುಕುವ ಹಾಗೆ ಮಾಡಿದರು. ಸಂಬಳವಿಲ್ಲದೆ, ಆಸಕ್ತಿಯಿಂದ ಕೂತು ಮಾಡಿದ ಕೆಲಸ. ನಮ್ಮ ಕಾಲೇಜುಗಳ ಪಟ್ಟಿಗೆ ಬೇಕಾದ ದುಡಿಮೆ ಅದಕ್ಕಿಂತ ಕಡಿಮೆಯದು.

ಸಣ್ಣ ಕಾಲೇಜುಗಳು ಕೂಡಿ ಏನು ಮಾಡಬಹುದು ಎಂಬುದಕ್ಕೆ ಜಗತ್ತಿನ ದೊಡ್ಡ ಉದಾಹರಣೆ ಅಮೆರಿಕದ ಒಹಾಯೊ. 1967ರಲ್ಲಿ ಆ ರಾಜ್ಯದ 54 ಕಾಲೇಜುಗಳು ಸೇರಿ ಒಂದು ಗ್ರಂಥಾಲಯ ಕೇಂದ್ರ ಕಟ್ಟಿಕೊಂಡವು. ಫ್ರೆಡರಿಕ್ ಕಿಲ್ಗೊರ್ ಅದರ ಮುಖ್ಯಸ್ಥ. ಅವರ ಯೋಚನೆ ಬಹಳ ಸರಳ: ಒಂದು ಪುಸ್ತಕದ ವಿವರವನ್ನು ಒಬ್ಬರು ಒಮ್ಮೆ ಸರಿಯಾಗಿ ಬರೆದರೆ ಉಳಿದ 53 ಕಾಲೇಜು ಅದೇ ಕೆಲಸ ಮತ್ತೆ ಮಾಡಬೇಕಿಲ್ಲ, ಯಾರ ಬಳಿ ಆ ಪುಸ್ತಕ ಇದೆ ಎಂಬುದೂ ಅದೇ ಪಟ್ಟಿಯಿಂದ ಎಲ್ಲರಿಗೂ ಗೊತ್ತಾಗುತ್ತದೆ. 1971ರ ಆಗಸ್ಟ್‌ನಲ್ಲಿ ಅದು ಕಂಪ್ಯೂಟರಿನ ಮೇಲೆ ಬಂತು. ಇವತ್ತು ಜಗತ್ತಿನ ಅತಿ ದೊಡ್ಡ ಗ್ರಂಥಸೂಚಿ ಎನಿಸಿದ ‘ವರ್ಲ್ಡ್‌ಕ್ಯಾಟ್’ ಬೆಳೆದದ್ದು ಆ ರಾಜ್ಯಮಟ್ಟದ ಒಪ್ಪಂದದಿಂದ. ನಮ್ಮಲ್ಲಿ ಇನ್‌ಫ್ಲಿಬ್‌ನೆಟ್‌ನ ‘ಇಂಡ್‌ಕ್ಯಾಟ್’ ಇದೆ, ಆದರೆ ಅದು ಮುಖ್ಯವಾಗಿ ವಿಶ್ವವಿದ್ಯಾಲಯಗಳ ಪಟ್ಟಿ. ಕುಷ್ಟಗಿಯ ಪದವಿ ಕಾಲೇಜಿನ ಕಪಾಟು ಅದರ ಕಣ್ಣಿಗೆ ಬೀಳುವುದಿಲ್ಲ.

ಬೀಗದ ಕೈ ಯಾರ ಹತ್ತಿರ

ಇಷ್ಟೆಲ್ಲ ಹೇಳಿದ ಮೇಲೆ ಮನುಷ್ಯನ ಮಾತಿಗೆ ಬರಲೇಬೇಕು. ಎನ್-ಲಿಸ್ಟ್‌ನ ಪಾಸ್‌ವರ್ಡ್ ತಾನಾಗಿ ವಿದ್ಯಾರ್ಥಿಗೆ ಬರುವುದಿಲ್ಲ. ಕಾಲೇಜಿನಲ್ಲಿ ಒಬ್ಬರು ಕೂತು ಪ್ರತಿ ವರ್ಷ ಹೊಸ ಮಕ್ಕಳ ಹೆಸರು, ಇಮೇಲ್ ಸೇರಿಸಬೇಕು, ಓದಿ ಹೋದವರದು ತೆಗೆಯಬೇಕು, ತೆರೆಯದಿದ್ದರೆ ಪಕ್ಕದಲ್ಲಿ ನಿಂತು ತೋರಿಸಿಕೊಡಬೇಕು. ಚಂದಾ ಕಟ್ಟಿಯೂ ಪಾಸ್‌ವರ್ಡ್ ಹಂಚದೆ ವರ್ಷ ಕಳೆದರೆ ಕಾಗದದ ಮೇಲೆ ಮಾತ್ರ ಆ ಲಕ್ಷ ಪುಸ್ತಕ ಇದ್ದಂತೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚೆ ಎರಡು ತಿಂಗಳು ಗ್ರಂಥಾಲಯಕ್ಕೆ ಜೀವ ಬಂದು ಆಮೇಲೆ ಮತ್ತೆ ಹಳೆಯ ಸ್ಥಿತಿಗೆ ಹೋಗುವುದಕ್ಕೂ ಕಾರಣ ಆ ಒಬ್ಬರು ಇಲ್ಲದಿರುವುದೇ.

ಯುಜಿಸಿ ನಿಯಮದ ಪ್ರಕಾರ ಕಾಲೇಜು ಗ್ರಂಥಪಾಲಕರಿಗೂ ಸಹಾಯಕ ಪ್ರಾಧ್ಯಾಪಕರ ಹಾಗೆ ಸ್ನಾತಕೋತ್ತರ ಪದವಿ, ನೆಟ್ ಅಥವಾ ಕೆ-ಸೆಟ್ ಬೇಕು, ವೇತನವೂ ಅದೇ ಶ್ರೇಣಿ. ಧಾರವಾಡ, ಮೈಸೂರು, ಕಲಬುರಗಿಯ ಗ್ರಂಥಾಲಯ ವಿಜ್ಞಾನ ವಿಭಾಗಗಳಿಂದ ಪ್ರತಿ ವರ್ಷ ಮಕ್ಕಳು ಕಲಿತು ಹೊರಬರುತ್ತಿದ್ದಾರೆ. ನಮ್ಮ ರಾಜ್ಯಕ್ಕೆ ಈ ವಿದ್ಯೆಯಲ್ಲಿ ದೊಡ್ಡ ಪರಂಪರೆಯೇ ಇದೆ. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಬದುಕಿನ ಕೊನೆಯ ಹದಿನೈದು ವರ್ಷ ಕಳೆದದ್ದು ಬೆಂಗಳೂರಿನಲ್ಲಿ; 1962ರಲ್ಲಿ ಅವರು ಕಟ್ಟಿದ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಇಂದಿಗೂ ಅಲ್ಲಿದೆ. 1931ರ ಅವರ ಐದು ಸೂತ್ರಗಳಲ್ಲಿ ಮೊದಲನೆಯದು ಹೇಳುವುದು ಪುಸ್ತಕ ಇರುವುದು ಕಾಪಿಡುವುದಕ್ಕಲ್ಲ, ಬಳಸುವುದಕ್ಕೆ ಎಂಬ ಅರ್ಥದ ಮಾತನ್ನು.

ನಮ್ಮ ಗ್ರಂಥಪಾಲಕರಲ್ಲಿ ಬಹುತೇಕರು ಇದನ್ನು ಪರೀಕ್ಷೆಗೆ ಓದಿ ಪಾಸಾದವರೇ. ಆದರೆ ಕೆಲಸಕ್ಕೆ ಸೇರಿದ ದಿನ ಅವರ ಕೈಗೆ ಬರುವುದು ಅಕ್ಸೆಷನ್ ರಿಜಿಸ್ಟರ್. ಅದರಲ್ಲಿರುವ ಒಂದೊಂದು ಪುಸ್ತಕಕ್ಕೂ ಅವರೇ ಹೊಣೆ. ಸ್ಟಾಕ್ ವೆರಿಫಿಕೇಶನ್‌ನಲ್ಲಿ ಕಡಿಮೆ ಬಂದರೆ ನೋಟಿಸು, ನಿವೃತ್ತಿಯ ಹೊತ್ತಿಗೆ ‘ನೋ ಡ್ಯೂ’ ಸಿಗದೆ ಪಿಂಚಣಿ ತಡವಾಗುವ ಅಂಜಿಕೆ. ಇಂಥ ಅಂಜಿಕೆಯಲ್ಲಿರುವವರು ಪುಸ್ತಕವನ್ನು ಪಕ್ಕದ ಕಾಲೇಜಿಗೆ ಎರವಲು ಕೊಡುತ್ತಾರೆಯೇ? ಗಾಜಿನ ಬೀರುವಿಗೆ ಬೀಗ ಹಾಕಿಡುವುದೇ ಅವರಿಗೆ ಕ್ಷೇಮ. ಅವರನ್ನು ದೂರಿ ಪ್ರಯೋಜನವಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಈ ವಿಷಯದಲ್ಲಿ ಬಹಳ ವಿವೇಕದ್ದು: ವರ್ಷದಲ್ಲಿ ಎರವಲು ಹೋದ ಅಥವಾ ಓದಲು ಬಳಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ, ಅದು ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಲ್ಲದಿದ್ದರೆ, ಸಹಜ ನಷ್ಟವೆಂದು ಒಪ್ಪಬಹುದು ಎನ್ನುತ್ತದೆ. ಓದಿದಷ್ಟೂ ಕಳೆಯುವ ಅವಕಾಶ ಹೆಚ್ಚು ಎಂಬುದನ್ನು ಹಣಕಾಸಿನವರೇ ಒಪ್ಪಿ ಬರೆದ ನಿಯಮ. ಇದೇ ಮಾತನ್ನು ನಮ್ಮ ಕಾಲೇಜುಗಳಲ್ಲಿ ಲಿಖಿತ ಆದೇಶವಾಗಿ ಗ್ರಂಥಪಾಲಕರ ಕೈಗೆ ಕೊಟ್ಟರೆ, ಹತ್ತು ಕಾರ್ಯಾಗಾರ ಮಾಡದ ಕೆಲಸ ಒಂದು ಹಾಳೆ ಮಾಡುತ್ತದೆ.

ಕಾರ್ಯಾಗಾರಗಳೂ ಬೇಕು. 1987ರಲ್ಲಿ ಯುಜಿಸಿ ಶುರು ಮಾಡಿದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಎರಡು ಸಲ ಹೆಸರು ಬದಲಿಸಿ ಈಗ ಮಾಳವೀಯ ಮಿಷನ್ ತರಬೇತಿ ಕೇಂದ್ರಗಳಾಗಿವೆ. ಗ್ರಂಥಪಾಲಕರ ಬಡ್ತಿಗೆ ಅಲ್ಲಿನ ರಿಫ್ರೆಶರ್ ಕೋರ್ಸು ಬೇಕೇ ಬೇಕು. ಒಬ್ಬರೇ ಇರುವ ಗ್ರಂಥಾಲಯದಿಂದ ಅವರು ಎರಡು ವಾರ ಧಾರವಾಡಕ್ಕೆ ಹೋದರೆ ಇಲ್ಲಿ ಬಾಗಿಲು ಮುಚ್ಚುತ್ತದೆ. ಅದಕ್ಕೇ ಪ್ರಿನ್ಸಿಪಾಲರು ರಜೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ಈಗ ಆನ್‌ಲೈನ್ ತರಬೇತಿ ಬಂದು ಅರ್ಧ ತೊಂದರೆ ನೀಗಿದೆ. ಆದರೆ ಸಾಫ್ಟ್‌ವೇರ್ ಕಲಿಯಲು, ಹಳೆಯ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಲು ಪಕ್ಕದಲ್ಲಿ ಬಲ್ಲವರೊಬ್ಬರು ಕೂತು ಹೇಳಿಕೊಡುವುದಕ್ಕೆ ಸಮನಾದದ್ದು ಬೇರೆ ಇಲ್ಲ. ಜಿಲ್ಲೆಯೊಳಗೇ ಬಲ್ಲವರು ಇದ್ದಾರೆ. ತಿಂಗಳಿಗೊಂದು ಶನಿವಾರ ಒಬ್ಬರ ಕಾಲೇಜಿಗೆ ಉಳಿದವರು ಹೋಗಿ ಕೂತು ಕಲಿಯುವುದನ್ನು ಆನ್-ಡ್ಯೂಟಿ ಎಂದು ಬರೆದುಕೊಂಡರೆ ಸಾಕು, ಖರ್ಚು ಬಸ್ ಚಾರ್ಜಿನದು.

ಕುಕನೂರು ತಾಲ್ಲೂಕಿನಲ್ಲಿ ಒಂದು ಮಂಗಳೂರು ಇದೆ. ಕರಾವಳಿಯ ದೊಡ್ಡ ಊರಲ್ಲ, ಎರೆಹೊಲಗಳ ನಡುವಿನ ನಮ್ಮ ಮಂಗಳೂರು. ಅಲ್ಲಿಂದ ತಳಕಲ್‌ಗೆ ಎಂ.ಎ. ಓದಲು ಹೋಗುವ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನಿದನ್ನು ಬರೆಯುತ್ತಿದ್ದೇನೆ. ಅವಳ ಕೈಯಲ್ಲಿ ಮೊಬೈಲ್ ಇದೆ, ಪಾಸ್‌ವರ್ಡೂ ಸಿಕ್ಕೀತು. ಅವಳಿಗೆ ಬೇಕಾದ ಕನ್ನಡ ಪುಸ್ತಕ ಕುಷ್ಟಗಿಯಲ್ಲಿದ್ದರೆ ಅದು ಅವಳ ಹತ್ತಿರ ಬರಲು ದಾರಿಗಳು ಈಗ ಹಿಂದೆಂದಿಗಿಂತ ಹೆಚ್ಚು. 2025ರ ಮೇ ತಿಂಗಳಲ್ಲಿ ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಯವರೆಗೆ ರೈಲು ಓಡಿತು. ತಳಕಲ್, ಕುಕನೂರು, ಯಲಬುರ್ಗಾ, ಕುಷ್ಟಗಿ ಒಂದೇ ಹಳಿಯ ಮೇಲೆ ಬಂದವು. ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ 2021ರಿಂದ ‘ನಮ್ಮ ಕಾರ್ಗೋ’ ಪಾರ್ಸೆಲ್ ಇದೆ. ಅಂಚೆ ಇಲಾಖೆ 2024ರ ಕೊನೆಗೆ ಬುಕ್ ಪೋಸ್ಟ್ ನಿಲ್ಲಿಸಿ ಓದುಗರಿಗೂ ಪ್ರಕಾಶಕರಿಗೂ ದೊಡ್ಡ ಪೆಟ್ಟು ಕೊಟ್ಟಿತ್ತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೆಸರಿನಲ್ಲಿ ಪುಸ್ತಕಕ್ಕೆ ರಿಯಾಯಿತಿ ದರ ಮತ್ತೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕ ಕಳಿಸುವುದು ಇನ್ನು ಕಷ್ಟವಲ್ಲ. ಎಲ್ಲಿದೆ ಎಂದು ಗೊತ್ತಾಗುವುದೇ ಕಷ್ಟ.

ಇದಕ್ಕೆ ಕಟ್ಟಡ ಬೇಡ, ಸರ್ವರ್ ಕೋಣೆ ಬೇಡ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕಾಲೇಜುಗಳಿಗೆ ಕೊಠಡಿಗಳು ಎದ್ದಿವೆ. ಒಂದೇ ಒಂದು ಕೊಠಡಿಯ ವೆಚ್ಚದಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಕೆಲಸವಿಲ್ಲದೆ ಕೂತ ನಾಲ್ವರು ಸ್ಥಳೀಯ ಹುಡುಗರನ್ನು, ಹುಡುಗಿಯರನ್ನು ವರ್ಷಗಟ್ಟಲೆ ಸಂಬಳ ಕೊಟ್ಟು ಇಟ್ಟುಕೊಳ್ಳಬಹುದು. ಕೊಪ್ಪಳಕ್ಕೊಬ್ಬರು, ಗಂಗಾವತಿಗೊಬ್ಬರು, ಕುಷ್ಟಗಿಗೊಬ್ಬರು, ಯಲಬುರ್ಗಾ–ಕುಕನೂರಿಗೊಬ್ಬರು. ಕಾಲೇಜಿನಿಂದ ಕಾಲೇಜಿಗೆ ಹೋಗಿ ಮೊದಲು ಕನ್ನಡ ಪುಸ್ತಕಗಳ ರಿಜಿಸ್ಟರನ್ನು ಕನ್ನಡ ಲಿಪಿಯಲ್ಲಿ ಕೋಹಾಕ್ಕೆ ಏರಿಸುವುದು ಅವರ ಕೆಲಸ. ಇಂಗ್ಲಿಷ್ ಪುಸ್ತಕಗಳ ವಿವರ ಎಲ್ಲೆಡೆ ಸಿದ್ಧವಾಗಿ ಸಿಗುತ್ತದೆ, ಅವು ಆಮೇಲಾದರೂ ಆದೀತು. ಅದಕ್ಕೂ ಮುಂಚೆ, ಜೂನ್ ತಿಂಗಳ ಪ್ರವೇಶದ ಗದ್ದಲ ಶುರುವಾಗುವ ಮೊದಲು, ಈ ಊರುಗಳ ಗ್ರಂಥಪಾಲಕರು ತಳಕಲ್‌ನಲ್ಲಿ ಒಂದು ದಿನ ಕೂಡಬೇಕು. ಅಲ್ಲಿ ಮೂರು ವಿಷಯ ತೀರ್ಮಾನವಾಗಬೇಕು: ಲೇಖಕರ ಹೆಸರು ಹೇಗೆ ಬರೆಯುವುದು, ಎರವಲು ಎಷ್ಟು ದಿನಕ್ಕೆ, ಕಳೆದುಹೋದರೆ ಯಾರೂ ನೋಟಿಸು ಕೊಡದ ಹಾಗೆ ಲೆಕ್ಕ ಹೇಗೆ ತೆಗೆಯುವುದು. ಮೂರಕ್ಕೂ ಸಹಿ ಹಾಕಲು ಕುಲಪತಿಗಳೂ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರೂ ಅದೇ ಮೇಜಿನಲ್ಲಿರಬೇಕು.